ಹೆಸರು ಹಿಡಿದು ಕೇಳುವವರು

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಚಿಂಚೋಳಿ ಸೀಮೆಯ ಕ್ರೈಸ್ತ ಮನೆಗಳಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ತಲೆಯೆತ್ತುತ್ತದೆ. ಪಕ್ಕದ ಹೊಲದವರು ಊಟಕ್ಕೆ ಕರೆದಿದ್ದಾರೆ, ಹೋಗಬಹುದೋ ಬಾರದೋ? ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಊಟಕ್ಕೆ ಕೂರುವ ಮೊದಲು ಭೂತಾಯಿಯ ಪೂಜೆಯಾಗಿ ಹೊಲದ ತುಂಬ ಚರಗ ಚೆಲ್ಲಿರುತ್ತಾರೆ. ವರ್ಷವಿಡೀ ಅದೇ ಹೊಲದಲ್ಲಿ ಕಳೆ ತೆಗೆದವರು, ಅದೇ ಬಾವಿಯ ನೀರು ಕುಡಿದವರು ಅಂದೊಂದು ದಿನ ಬದುವಿನಾಚೆ ನಿಲ್ಲಬೇಕೇ? ನಿಲ್ಲಲೇಬೇಕು ಎನ್ನುವ ಪ್ರಸಂಗಿಗಳಿದ್ದಾರೆ. ಮೊಹರಮ್ಮಿನಲ್ಲಿ ಓಣಿಯವರು ಕೊಟ್ಟ ಮಾಲ್ದಿಯನ್ನೂ ಯುಗಾದಿಯ ಹೋಳಿಗೆಯನ್ನೂ ಕೈಯಲ್ಲಿ ಹಿಡಿಯಬಾರದು, ಅದರೊಳಗಿಂದ ಕೆಟ್ಟ ಆತ್ಮ ಮನೆ ಹೊಗುತ್ತದೆ ಎಂದು ಹೆದರಿಸುವವರೂ ಇದ್ದಾರೆ.

ನಮಗಿಂತ ಎಷ್ಟೋ ಮೊದಲು ಈ ಪ್ರಶ್ನೆ ಕೊರಿಂಥದವರನ್ನು ಕಾಡಿತ್ತು. ಅಲ್ಲಿನ ಪೇಟೆಯಲ್ಲಿ ಮಾರುತ್ತಿದ್ದ ಮಾಂಸದಲ್ಲಿ ಗುಡಿಯಲ್ಲಿ ಬಲಿಕೊಟ್ಟದ್ದೂ ಬೆರೆತಿರುತ್ತಿತ್ತು. ಪೌಲನು ಅವರಿಗೆ ಬರೆದ ಮೊದಲ ಪತ್ರದ 8ರಿಂದ 10ನೆಯ ಅಧ್ಯಾಯದವರೆಗೆ ಈ ಒಂದು ವಿಷಯವನ್ನೇ ಎಡತಾಕುತ್ತಾನೆ. ಪೇಟೆಯಲ್ಲಿ ಸಿಕ್ಕಿದ್ದನ್ನು ಕೊಂಡು ಉಣ್ಣಲು ಅವನಿಗೆ ಅಡ್ಡಿಯಿಲ್ಲ. ವಿಶ್ವಾಸಿಯಲ್ಲದವರು ಊಟಕ್ಕೆ ಕರೆದು, ಹೋಗಲು ಮನಸ್ಸಿದ್ದರೆ, ಹೋಗಿ ಎಲೆಗೆ ಬಡಿಸಿದ್ದನ್ನು ಉಣ್ಣಬಹುದು, ಅಗೆದು ಅಗೆದು ಕೇಳಬೇಕಿಲ್ಲ. ಆದರೆ ಆರಾಧನೆಯಲ್ಲಿ ಪಾಲು ತೆಗೆದುಕೊಳ್ಳಬಾರದು. ಇದು ನೈವೇದ್ಯದ್ದು ಎಂದು ಯಾರಾದರೂ ಎತ್ತಿ ಹೇಳಿದರೆ, ಅಥವಾ ನಮ್ಮ ಊಟ ನೋಡಿ ಎಳೆಯ ವಿಶ್ವಾಸಿಯೊಬ್ಬರ ಮನಸ್ಸಾಕ್ಷಿಗೆ ಪೆಟ್ಟಾಗುವುದಾದರೆ, ಅವರ ಸಲುವಾಗಿ ಬಿಟ್ಟುಬಿಡಬೇಕು. ಇಡೀ ಮಾತಿನಲ್ಲಿ ಪೌಲನ ಕಣ್ಣು ಅನ್ನದ ಮೇಲಿಲ್ಲ, ಪಕ್ಕದಲ್ಲಿ ಕೂತವರ ಮೇಲಿದೆ. ಕರೆದವರ ಹೊಲಕ್ಕೆ ಹೋಗಿ, ಪೂಜೆಯ ಹೊತ್ತಿಗೆ ಗೌರವದಿಂದ ಪಕ್ಕಕ್ಕೆ ಸರಿದು, ಊಟದ ಹೊತ್ತಿಗೆ ದೇವರಿಗೆ ಸ್ತೋತ್ರ ಹೇಳಿ ಉಣ್ಣುವವರು ತಪ್ಪು ಮಾಡುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಮಾರ್ಕನ 7ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೊಟ್ಟೆಗೆ ಹೋಗುವುದನ್ನು ಪಕ್ಕಕ್ಕಿಟ್ಟು ಹೃದಯದಿಂದ ಹೊರಡುವ ಕೇಡುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಅಲ್ಲಿ ಮೋಸವಿದೆ, ಹೊಟ್ಟೆಕಿಚ್ಚಿದೆ, ಬೈಗುಳವಿದೆ, ಸೊಕ್ಕಿದೆ. ಹೋಳಿಗೆ ಇಲ್ಲ.

ಆತ್ಮಿಕ ಜೀವನವನ್ನು ಕಾಯ್ದುಕೊಳ್ಳಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮ ಶಕ್ತಿಯೆಲ್ಲ ಈ ಒಂದು ಬದುವಿನ ಮೇಲೆಯೇ ಖರ್ಚಾಗುತ್ತಿದೆ. ಅದಕ್ಕೇ ಇಲ್ಲಿಂದ ಶುರು ಮಾಡಿದೆ. ನೆರೆಯವರ ಕಡೆಗೆ ಬೇಲಿ ಎತ್ತರವಾಗುತ್ತ ಹೋದಂತೆ ಇನ್ನೊಂದು ಕಡೆ ಕಾವಲೇ ಇಲ್ಲವಾಗಿದೆ. ಆ ಕಡೆಯಿಂದ ಬರುವವರು ದೇವರ ಹೆಸರು ಹೇಳಿಕೊಂಡೇ ಬರುತ್ತಾರೆ, ಆದ್ದರಿಂದ ತಡೆಯಲು ಯಾರಿಗೂ ಕೈ ಬರುವುದಿಲ್ಲ.

ನಮ್ಮ ತಾಲ್ಲೂಕು ಇರುವ ಜಾಗ ನೋಡಿ. ಕುಂಚಾವರಂ ದಾಟಿದರೆ ತೆಲಂಗಾಣ. ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. 1948ರವರೆಗೆ ನಿಜಾಮನ ರಾಜ್ಯ, 1956ರಿಂದ ಕನ್ನಡನಾಡು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದಖನಿ, ತಾಂಡಾದಲ್ಲಿ ಲಂಬಾಣಿ ಮಾತು. ಬೀದರ್, ಕಲಬುರಗಿ ಕಡೆಯ ಹಳೆಯ ಸಭೆಗಳು ಬಹುಪಾಲು ಮೆಥೋಡಿಸ್ಟರವು. ಬೋಧಕ ವಿಲಿಯಂ ಟೇಲರ್ 1870ರಲ್ಲಿ ಭಾರತಕ್ಕೆ ಬಂದ ಮೇಲೆ ಮೆಥೋಡಿಸ್ಟ್ ಕೆಲಸ ದಕ್ಷಿಣದ ಊರುಗಳಿಗೆ ಇಳಿಯಿತು. 1981ರಲ್ಲಿ ಅದು ಸ್ವತಂತ್ರವಾದ ಭಾರತದ ಮೆಥೋಡಿಸ್ಟ್ ಸಭೆಯಾಯಿತು. ಇತ್ತೀಚಿನದು ಕಲಬುರಗಿಯ ಕಥೋಲಿಕ ಧರ್ಮಪ್ರಾಂತ್ಯ, ಅದು ರೂಪುಗೊಂಡದ್ದು 2005ರಲ್ಲಿ. ಈಗ ಓಣಿಗೊಂದು ಪ್ರಾರ್ಥನಾ ಮಂದಿರವೂ ಇದೆ. ನವೆಂಬರದಲ್ಲಿ ವಿಕಾರಾಬಾದ್ ಕಡೆಯ ಧಾರೂರಿನಲ್ಲಿ ಮೆಥೋಡಿಸ್ಟರ ದೊಡ್ಡ ಜಾತ್ರೆ ಸೇರುತ್ತದೆ. ಗಡಿಯ ಎರಡೂ ಕಡೆಯ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಹೋಗಿ ಮರದ ಕೆಳಗೆ ಬೀಡುಬಿಟ್ಟು ಪ್ರಾರ್ಥಿಸುತ್ತವೆ. ಭಾಷೆಯ ಗಡಿ ನಮ್ಮ ಭಕ್ತಿಗೆ ಎಂದೂ ಗೋಡೆಯಾಗಿಲ್ಲ, ಆಗಲೂ ಬಾರದು. ಆದರೆ ಅದೇ ತೆರೆದ ಬಾಗಿಲಿನಿಂದ, ಈಗ ಅಂಗೈಯಗಲದ ಫೋನಿನಿಂದ, ಹಗಲೂ ರಾತ್ರಿಯೂ ದನಿಗಳು ಬರುತ್ತಿವೆ. ಈ ಎಣ್ಣೆಗೆ ಅಭಿಷೇಕವಾಗಿದೆ, ಹಚ್ಚಿಕೊಳ್ಳಿರಿ. ನಿಮ್ಮ ಮನೆ ಮೇಲೆ ಯಾರೋ ಮಾಟ ಮಾಡಿಸಿದ್ದಾರೆ, ನನಗೆ ಪ್ರವಾದನೆ ಬಂದಿದೆ. ಇಂದು ರಾತ್ರಿ ಹನ್ನೆರಡರ ಒಳಗೆ ಕಾಣಿಕೆ ಬಿತ್ತಿದರೆ ನೂರರಷ್ಟು ಕೊಯ್ಯುವಿರಿ.

ಸ್ವಸಹಾಯ ಸಂಘದ ಕಂತಿಗೆಂದು ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಕಟ್ಟಿಟ್ಟ ದುಡ್ಡು ಹೀಗೆ ಫೋನ್‌ಪೇ ಹಾದಿ ಹಿಡಿಯುತ್ತದೆ. ಕಂತು ತಪ್ಪುತ್ತದೆ, ಸಂಘದ ಬೇರೆ ಹೆಂಗಸರು ತಮ್ಮ ಗಂಟಿನಿಂದ ತುಂಬುತ್ತಾರೆ, ಮುಂದಿನ ಸಭೆಯಲ್ಲಿ ಆಕೆ ತಲೆ ಎತ್ತಲಾರಳು. ಬಂದೇ ಬರುತ್ತದೆಂದ ಆಶೀರ್ವಾದ ಬರದಿದ್ದಾಗ, ನಿನ್ನ ನಂಬಿಕೆಯಲ್ಲೇ ಕೊರತೆ ಎಂದು ಅದೇ ದನಿ ಹೇಳುತ್ತದೆ. ಇದು ನನಗೆ ಸಿಟ್ಟು ತರಿಸುತ್ತದೆ. ಬಡವರ ದುಡ್ಡು ಹೋಯಿತೆಂಬುದಕ್ಕಿಂತ, ದೇವರು ತನ್ನ ಕೈ ಬಿಟ್ಟ ಎಂಬ ಸುಳ್ಳನ್ನು ಅವಳ ಎದೆಯಲ್ಲಿ ನೆಟ್ಟು ಹೋದರಲ್ಲ ಎಂಬುದಕ್ಕೆ. ನೆರೆಯವರ ಹೋಳಿಗೆ ಈ ಕೇಡನ್ನು ಎಂದಾದರೂ ಮಾಡಿತ್ತೇ?

ಸೈತಾನನು ಯೇಸುವಿನ ಬಳಿಗೆ ಬಂದಾಗ ಕೈಯಲ್ಲಿ ವಿಗ್ರಹ ಹಿಡಿದು ಬರಲಿಲ್ಲ. ಮತ್ತಾಯನ 4ನೆಯ ಅಧ್ಯಾಯದಂತೆ ಅವನು ಯೇಸುವನ್ನು ಪವಿತ್ರ ಪಟ್ಟಣಕ್ಕೆ ಕರೆದೊಯ್ದು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೀರ್ತನೆ 91ರ ಸಾಲುಗಳನ್ನು ಬಾಯಿಪಾಠ ಒಪ್ಪಿಸಿದ. ಜಾಗ ದೇವರದು, ಮಾತು ದೇವರದು, ಆಡಿದವನು ಮಾತ್ರ ಬೇರೆ. ಯೇಸು ಅದಕ್ಕೆ ಇನ್ನೊಂದು ವಾಕ್ಯವನ್ನು ಎದುರಿಟ್ಟು ನಿಂತರು. ವಾಕ್ಯ ಹೇಳಿದವರೆಲ್ಲ ದೇವರ ಕಡೆಯವರು ಎಂದುಕೊಂಡವರಿಗೆ ಈ ಒಂದು ಅಧ್ಯಾಯದಲ್ಲಿ ಪಾಠವಿದೆ. ಬೆರೋಯದ ಜನ ಪೌಲನ ಉಪದೇಶವನ್ನೇ ದಿನದಿನವೂ ಶಾಸ್ತ್ರಕ್ಕೆ ಹಚ್ಚಿ ನೋಡಿದರೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಬರೆದ ಲೂಕ ಅದನ್ನು ಅವರ ದೊಡ್ಡಗುಣವೆಂದು ಮೆಚ್ಚಿ ಬರೆದಿದ್ದಾನೆ, ಅವಿಶ್ವಾಸವೆಂದಲ್ಲ. ಪೌಲನನ್ನೇ ಪರೀಕ್ಷಿಸಬಹುದಾದರೆ ಪರದೆಯ ಮೇಲಿನ ಬಿಳಿ ಕೋಟಿನವರನ್ನು ಪರೀಕ್ಷಿಸಲು ಅಂಜಿಕೆ ಏಕೆ?

ಹಾಗೆ ಪರೀಕ್ಷಿಸುವಾಗ ನಾನು ನೋಡುವುದು ಮುಖ್ಯವಾಗಿ ಒಂದನ್ನೇ. ಈ ದನಿಗೆ ನನ್ನ ಹೆಸರು ಗೊತ್ತಿದೆಯೇ? ನಾಳೆ ನನ್ನ ಮನೆಯಲ್ಲಿ ಸಾವಾದರೆ ಬಂದು ಮಣ್ಣು ಹಾಕುವವರ ದನಿಯೇ ಇದು? ನಾನು ತಪ್ಪಿದರೆ ಮುಖ ನೋಡಿ ಬೈಯುವ ಹಕ್ಕು, ಅದು ತಪ್ಪಿದರೆ ನಾನು ಎದುರು ಕೂತು ಕೇಳುವ ಹಕ್ಕು, ಎರಡೂ ಇವೆಯೇ? ಇಲ್ಲವೆಂದಾದರೆ ಆ ದನಿ ಎಷ್ಟೇ ಇಂಪಾಗಿರಲಿ, ನನ್ನ ಆತ್ಮದ ಮೇಲೆ ಅಧಿಕಾರ ನಡೆಸಲು ಅದನ್ನು ಬಿಡಬಾರದು. ಕೇಳುವುದು ಬೇರೆ, ಒಪ್ಪಿಸಿಕೊಳ್ಳುವುದು ಬೇರೆ. ದೂರದ ಬೋಧಕರಿಂದ ಒಳ್ಳೆಯದು ಕಲಿತವರು ಬಹಳ ಜನ ಇದ್ದಾರೆ. ಹಾಡು, ವಾಕ್ಯವಿವರಣೆ, ರೋಗಿಯ ಹಾಸಿಗೆಯ ಬಳಿ ಹಚ್ಚಿಟ್ಟ ಪ್ರಾರ್ಥನೆ, ಇವೆಲ್ಲ ಆ ಫೋನಿನಿಂದಲೇ ಬಂದಿವೆ. ಅದನ್ನು ಅಲ್ಲಗಳೆಯಲಾರೆ.

ಇನ್ನೊಂದು ಕೇಡು ಇದಕ್ಕಿಂತ ಮೆಲ್ಲಗೆ ಬರುತ್ತದೆ. ನೆರೆಯವರ ದೇವರನ್ನು ಹೀಯಾಳಿಸುವ ವೀಡಿಯೊ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಬೀಳುತ್ತದೆ. ನಮ್ಮನ್ನು ಹೀಯಾಳಿಸುವುದು ಬೇರೆ ಗುಂಪಿನಿಂದ ಬರುತ್ತದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದ ಹೊತ್ತಿನಿಂದ ಮನೆ ಪ್ರಾರ್ಥನೆಗೆ ಬಾಗಿಲು ತೆರೆದಿಡಬೇಕೋ ಮುಚ್ಚಬೇಕೋ ಎಂದು ಅಳುಕುವವರಿದ್ದಾರೆ, ಆ ಅಳುಕಿಗೆ ಕಾರಣ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅಂಜಿಕೆಯ ಬೆನ್ನಿಗೇ ದ್ವೇಷ ಬರುತ್ತದೆ, ಮತ್ತು ಅದು ವಿಶ್ವಾಸದ ಉಡುಪು ತೊಟ್ಟೇ ಬರುತ್ತದೆ. ಸಮಾರ್ಯದ ಒಂದು ಹಳ್ಳಿ ಯೇಸುವನ್ನು ಸೇರಿಸಿಕೊಳ್ಳದೆ ಹೋದಾಗ ಯಾಕೋಬ ಯೋಹಾನರು ಆಕಾಶದಿಂದ ಬೆಂಕಿ ಕರೆಯೋಣವೇ ಎಂದು ಕೇಳಿದರು. ತಮಗೆ ಸ್ವಾಮಿಯ ಮೇಲೆ ಎಷ್ಟು ಭಕ್ತಿ ಎಂದು ಅವರಿಗೇ ಹೆಮ್ಮೆಯೆನಿಸಿರಬೇಕು. ಲೂಕನು 9ನೆಯ ಅಧ್ಯಾಯದಲ್ಲಿ ಬರೆದಂತೆ ಗದರಿಸಿಕೊಂಡವರು ಆ ಹಳ್ಳಿಯವರಲ್ಲ, ಈ ಶಿಷ್ಯರು. ಆಮೇಲೆ ಎಲ್ಲರೂ ಸುಮ್ಮನೆ ಬೇರೆ ಹಳ್ಳಿಯ ದಾರಿ ಹಿಡಿದರು.

ದನಿಗಳಿಗೆ ನಾವು ಬಾಗಿಲು ತೆರೆಯುವ ಹೊತ್ತು ಯಾವುದು? ಇದನ್ನು ಮೊದಲು ಕೂಲಂಕಷವಾಗಿ ನೋಡಿದವರಲ್ಲಿ ಎವಾಗ್ರಿಯಸ್ ಒಬ್ಬರು. ನಾಲ್ಕನೆಯ ಶತಮಾನದವರು, ರಾಜಧಾನಿಯ ಬದುಕು ಬಿಟ್ಟು ಈಜಿಪ್ಟಿನ ಮರುಭೂಮಿಯ ಗುಡಿಸಲು ಸೇರಿ 399ರಲ್ಲಿ ಅಲ್ಲಿಯೇ ತೀರಿಕೊಂಡರು. ಮನಸ್ಸನ್ನು ಕೆಡಿಸುವ ಎಂಟು ಯೋಚನೆಗಳನ್ನು ಅವರು ಗುರುತಿಸಿದರು. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಸಿಟ್ಟು, ಬೇಸರ, ಹೊಗಳಿಕೆಯ ಹಸಿವು, ಗರ್ವ. ಇವುಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದು ಬೇಸರ ಎಂದರು. ಅದು ಬರುವುದು ನಡುಹಗಲಿನಲ್ಲಿ. ಸನ್ಯಾಸಿ ಗುಡಿಸಲಿನಿಂದ ಹೊರಗೆ ಇಣುಕುತ್ತಾನೆ, ಸೂರ್ಯ ಸರಿಯುವುದೇ ಇಲ್ಲ. ಈ ಜಾಗ ಸಾಕು, ಈ ಕೆಲಸ ಸಾಕು, ಇಲ್ಲಿ ನನ್ನನ್ನು ಪ್ರೀತಿಸುವವರು ಯಾರೂ ಇಲ್ಲ ಎನಿಸುತ್ತದೆ. ಊರು, ಬಂಧುಗಳು ನೆನಪಾಗುತ್ತಾರೆ. ಎವಾಗ್ರಿಯಸ್ ಅದನ್ನು ಮಧ್ಯಾಹ್ನದ ದೆವ್ವವೆಂದು ಕರೆದರು. ಆ ಹೆಸರು ಹುಟ್ಟಿದ್ದು ಹಾಳುಮಾಡುವ ನಡುಹಗಲಿನ ಕೇಡನ್ನು ಹೇಳುವ ಕೀರ್ತನೆ 91ರಿಂದಲೇ. ಸೈತಾನ ಒಪ್ಪಿಸಿದ ಅದೇ ಕೀರ್ತನೆ. ಅವನು ತನ್ನ ಕೆಲಸಕ್ಕೆ ಬೇಕಾದ ಸಾಲುಗಳನ್ನಷ್ಟೇ ಆರಿಸಿಕೊಂಡಿದ್ದ.

ಮೇ ತಿಂಗಳ ಚಿಂಚೋಳಿಯ ಮಧ್ಯಾಹ್ನ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಗರಿ ರಾಶಿ ಮುಗಿದಿರುತ್ತದೆ, ಹೊಲದಲ್ಲಿ ಕೆಲಸವಿಲ್ಲ, ಮುಲ್ಲಾಮಾರಿಯಲ್ಲಿ ನೀರು ಇಳಿದಿರುತ್ತದೆ. ಊರ ಅರ್ಧ ಜನ ಗುಳೆ ಹೋಗಿರುತ್ತಾರೆ. ಹೈದರಾಬಾದಿನ ಅಡ್ಡಾದಲ್ಲಿ ಬೆಳಿಗ್ಗೆ ನಿಂತು ಕೂಲಿ ಹಿಡಿದ ಹುಡುಗ ಮಧ್ಯಾಹ್ನ ಅರೆಕಟ್ಟಿದ ಕಟ್ಟಡದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾನೆ. ಊರಿನಲ್ಲಿ ಅವನು ಯುವಜನರ ಕೂಟದಲ್ಲಿ ಡೋಲಕ್ ಬಾರಿಸುವವನು, ಇಲ್ಲಿ ಮಿಸ್ತ್ರಿಗೆ ಅವನ ಹೆಸರೂ ಗೊತ್ತಿಲ್ಲ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು. ಆ ಹೊತ್ತಿನಲ್ಲಿ ಫೋನಿನೊಳಗಿನ ಜೂಜು ಕರೆಯುತ್ತದೆ, ಹೇಳಬಾರದ ಚಿತ್ರಗಳು ಕರೆಯುತ್ತವೆ, ಸಂಜೆಗೆ ಸಿಂದಿಯ ಅಂಗಡಿ ಕರೆಯುತ್ತದೆ, ಪರದೆಯ ಪ್ರವಾದಿಯೂ ಕರೆಯುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲದ ಕರೆಗಳೆಂದು ನಮಗೆ ತೋರಬಹುದು. ಅವನ ಒಂಟಿತನ ಮಾತ್ರ ನಾಲ್ಕಕ್ಕೂ ಒಂದೇ.

ಹಾಗಾದರೆ ಫೋನು ಬಿಸಾಡಿದರಾಯಿತೇ? ಉಪವಾಸ ಕೂಟಗಳಲ್ಲಿ ಹಾಗೆ ಪಣ ತೊಡುವವರನ್ನು ಕಂಡಿದ್ದೇನೆ, ಕೆಲವೇ ದಿನಗಳಲ್ಲಿ ಪಣ ಕರಗಿದ್ದನ್ನೂ ಕಂಡಿದ್ದೇನೆ. ಯೇಸು ಹೇಳಿದ ಒಂದು ಸಾಮ್ಯ ಮತ್ತಾಯನ 12ನೆಯ ಅಧ್ಯಾಯದಲ್ಲಿದೆ. ಮನೆಯಿಂದ ಹೊರಬಿದ್ದ ದೆವ್ವ ಅಲೆದಲೆದು ಹಿಂದಿರುಗಿ ಬಂದಾಗ ಮನೆ ಗುಡಿಸಿ ಒಪ್ಪವಾಗಿತ್ತು, ಆದರೆ ಖಾಲಿಯಿತ್ತು. ಅದು ತನಗಿಂತ ಕೆಟ್ಟ ಏಳನ್ನು ಕರೆತಂದು ಒಳಸೇರಿತು. ಕೇಡನ್ನು ಹೊರದೂಡುವುದರಲ್ಲೇ ದಣಿಯುವ ಭಕ್ತಿಗೆ ಈ ಮಾತು ಎಚ್ಚರಿಕೆ. ಮನೆ ಖಾಲಿ ಬಿಡಬಾರದು. ಯಾರಾದರೂ ವಾಸ ಇರಬೇಕು. ದೇವರು ಇರಬೇಕು, ನಿಜ. ದೇವರ ಜನರೂ ಬಂದುಹೋಗುತ್ತಿರಬೇಕು.

ತೊಗರಿ ಬೆಳೆಯುವವರಿಗೆ ಕಾಯಿಕೊರಕ ಗೊತ್ತು. ಪತಂಗ ಹೂಮೊಗ್ಗಿನ ಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ, ಮರಿಹುಳು ಕಾಯಿ ಕೊರೆದು ಒಳಗಿನ ಕಾಳು ತಿನ್ನುತ್ತದೆ. ತೂತು ಕಣ್ಣಿಗೆ ಬೀಳುವ ಹೊತ್ತಿಗೆ ಕಾಳು ಮುಗಿದಿರುತ್ತದೆ. ಔಷಧಿ ಹೊಡೆಯುವುದಲ್ಲದೆ ನಮ್ಮ ಕಡೆ ಒಂದು ಹಳೆಯ ಉಪಾಯವೂ ಇದೆ. ಗಿಡ ಅಲುಗಿಸಿ ಹುಳುಗಳನ್ನು ಕೆಳಗೆ ಹಿಡಿದ ಬಟ್ಟೆಯ ಮೇಲೆ ಬೀಳಿಸುವುದು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಗಿಡ ಬಗ್ಗಿಸಿ ಅಲುಗಿಸಲು ಒಬ್ಬರು ಬೇಕು, ಬಟ್ಟೆ ಎಳೆಯಲು ಇನ್ನೊಬ್ಬರು ಬೇಕು. ಆತ್ಮದ ಕಾವಲಿನಲ್ಲೂ ನಾನು ನಂಬುವುದು ಇದನ್ನೇ. ನನ್ನನ್ನು ಅಲುಗಿಸಲು ಇನ್ನೊಬ್ಬರು ಬೇಕು.

ಮೆಥೋಡಿಸ್ಟರಿಗೆ ಇದು ಹೊಸ ಮಾತೇ ಅಲ್ಲ, ಮರೆತದ್ದು ಮಾತ್ರ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯವರ ಜನ ಕೂಡಿ ಕೂತದ್ದು ಪ್ರಾರ್ಥನಾಮಂದಿರದ ಸಾಲ ತೀರಿಸುವ ದಾರಿ ಹುಡುಕಲು. ಫಾಯ್ ಎಂಬ ಕ್ಯಾಪ್ಟನ್ ಒಬ್ಬ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದ. ಬಡವರಿಗೆ ಅದೂ ಕಷ್ಟ ಎಂದು ಯಾರೋ ಹೇಳಿದಾಗ, ಕಡುಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಬಿಡಿ, ನಾನೇ ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರಿಗೆ ಆಗದಿದ್ದರೆ ಅವರ ಪೆನ್ನಿಯನ್ನೂ ನಾನೇ ಹಾಕುತ್ತೇನೆ ಎಂದನಂತೆ. ಬೇರೆಯವರೂ ಹಾಗೆಯೇ ಹನ್ನೊಂದು ಹನ್ನೊಂದು ಜನರನ್ನು ವಹಿಸಿಕೊಂಡರು. ದುಡ್ಡಿಗೆಂದು ಮನೆಮನೆಗೆ ಹೋದವರಿಗೆ ಗಂಡ ಹೆಂಡಿರ ಜಗಳ, ಕುಡಿತ, ಹಳೆಯ ಹಗೆ ಕಣ್ಣಿಗೆ ಬಿದ್ದವು. ಅವರು ಬಂದು ಹೇಳಿದಾಗ, ತಾನು ಬಹುಕಾಲದಿಂದ ಹುಡುಕುತ್ತಿದ್ದುದು ಇದೇ ಎಂದು ವೆಸ್ಲಿಯವರಿಗೆ ಹೊಳೆಯಿತು. ಹೀಗೆ ಹುಟ್ಟಿದ್ದು ಕ್ಲಾಸ್ ಕೂಟ. ಒಬ್ಬ ನಾಯಕ ಅಥವಾ ನಾಯಕಿ, ಸುಮಾರು ಹನ್ನೆರಡು ಜನ, ವಾರಕ್ಕೊಮ್ಮೆ ಭೇಟಿ, ಪ್ರತಿಯೊಬ್ಬರಿಗೂ ಅವರ ಆತ್ಮದ ಸ್ಥಿತಿಯ ಬಗ್ಗೆ ನೇರ ಪ್ರಶ್ನೆ. ನಮ್ಮ ಮಾತಿನಲ್ಲಿ ಕೇಳುವುದಾದರೆ, ‘ಈ ವಾರ ದೇವ್ರ ಕೂಡ ಹ್ಯಾಂಗ ಇದ್ದಿ ತಮ್ಮಾ?’

ಮರುವರ್ಷ, 1743ರಲ್ಲಿ, ವೆಸ್ಲಿ ತಮ್ಮ ಸಂಘಗಳಿಗೆ ಸಾಮಾನ್ಯ ನಿಯಮಗಳನ್ನು ಅಚ್ಚು ಹಾಕಿಸಿದರು. ಕೇಡು ಮಾಡಬೇಡ, ಒಳ್ಳೆಯದು ಮಾಡು, ಆರಾಧನೆ ಪ್ರಾರ್ಥನೆ ಉಪವಾಸಗಳನ್ನು ಬಿಡಬೇಡ ಎಂಬ ಮೂರು ಭಾಗ. ಯಾವುದನ್ನು ಬಿಡಬೇಕೆಂಬ ಪಟ್ಟಿಯಲ್ಲಿ ಕುಡಿತವಿದೆ, ಬಡ್ಡಿ ವ್ಯವಹಾರವಿದೆ, ಇನ್ನೊಬ್ಬರ ಬಗ್ಗೆ ಕೆಟ್ಟದಾಗಿ ಮಾತಾಡುವುದಿದೆ. ತೀರಿಸುವ ದಾರಿ ಕಾಣದೆ ಸಾಲ ಮಾಡುವುದೂ ಅದರಲ್ಲಿದೆ. ಕಂತಿನ ದುಡ್ಡನ್ನು ಕಾಣಿಕೆಗೆ ಹಾಕಿಸಿಕೊಳ್ಳುವವರು ತಮ್ಮನ್ನು ವೆಸ್ಲಿಯ ಮಕ್ಕಳೆಂದು ಕರೆದುಕೊಳ್ಳುವ ಮೊದಲು ಆ ಒಂದು ನಿಯಮ ಓದಲಿ.

ಕ್ಲಾಸ್ ಕೂಟವನ್ನು ಹೊಗಳುವುದು ಸುಲಭ, ನಮ್ಮಂಥ ಊರಿನಲ್ಲಿ ನಡೆಸುವುದು ಕಷ್ಟ. ಎಲ್ಲರೂ ಎಲ್ಲರ ಸಂಬಂಧಿಕರು. ಮಧ್ಯಾಹ್ನ ಮಹಿಳೆಯರ ಕೂಟದಲ್ಲಿ ಕಣ್ಣೀರಿಟ್ಟು ಹೇಳಿದ ಪ್ರಾರ್ಥನೆಯ ವಿಷಯ ಸಂಜೆಯೊಳಗೆ ನೀರಿನ ಟ್ಯಾಂಕಿನ ಬಳಿ ಸುದ್ದಿಯಾಗುತ್ತದೆ. ಹಾಗೆ ಒಮ್ಮೆ ಸುಟ್ಟುಕೊಂಡ ಹೆಣ್ಣುಮಗಳು ಮತ್ತೆ ಬಾಯಿ ಬಿಡುವುದಿಲ್ಲ. ತನ್ನ ಕಷ್ಟವನ್ನು ಪರದೆಯ ಅಪರಿಚಿತನಿಗೆ ಹೇಳಿಕೊಳ್ಳುತ್ತಾಳೆ, ಏಕೆಂದರೆ ಅವನು ಅವಳ ನಾದಿನಿಗೆ ಹೇಳಲಾರ. ಪರದೆಯ ಪ್ರವಾದಿಗಳಿಗೆ ಅರ್ಧ ಗಿರಾಕಿಗಳನ್ನು ಒದಗಿಸಿದ್ದು ನಮ್ಮ ನಾಲಿಗೆಯೇ ಎಂದು ನಾನು ನಂಬುತ್ತೇನೆ. ಕೂಟದಲ್ಲಿ ಕೇಳಿದ್ದನ್ನು ಹೊರಗೆ ಆಡಿದವರನ್ನು ಕೂಟದ ಹೊಣೆಯಿಂದ ಇಳಿಸುವಷ್ಟು ನಿಷ್ಠುರತೆ ಸಭೆಯ ಹಿರಿಯರಿಗೆ ಬೇಕು. ಗಂಡಸರ ಮುಂದೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಹೆಂಗಸರಿಗೆ ಹೆಂಗಸರೇ ನಾಯಕಿಯರಾಗಬೇಕು, ಬ್ರಿಸ್ಟಲಿನ ಕಾಲದಲ್ಲೇ ಹಾಗಿತ್ತು. ಇನ್ನೊಂದು ಅಪಾಯವೂ ಉಂಟು. ಹೆಸರು ಹಿಡಿದು ಕೇಳುವ ಅಧಿಕಾರ ಸಿಕ್ಕವರು ದೊಣ್ಣೆ ಹಿಡಿದ ಗೌಡರಾಗಿಬಿಡಬಹುದು. ಆದ್ದರಿಂದ ಕೇಳುವವರನ್ನೂ ಕೇಳುವವರು ಇರಬೇಕು. ಪಾಸ್ಟರರೂ ಈ ಮಾತಿಗೆ ಹೊರತಲ್ಲ.

ಇಂಥ ಕೂಟವನ್ನು ಶುರು ಮಾಡಲು ನಮಗೆ ಒಳ್ಳೆಯ ಹೊತ್ತೂ ಇದೆ. ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಒಡಂಬಡಿಕೆಯ ಆರಾಧನೆ ನಡೆಸಿದರು. ಇಡೀ ಸಭೆ ಎದ್ದು ನಿಂತು ತನ್ನನ್ನು ದೇವರಿಗೆ ಮತ್ತೆ ಒಪ್ಪಿಸಿಕೊಳ್ಳುವ ಆರಾಧನೆ ಅದು. ಮುಂದೆ ಮೆಥೋಡಿಸ್ಟರಲ್ಲಿ ಅದು ಹೊಸ ವರ್ಷದ ಆರಂಭಕ್ಕೆ ಸೇರಿಕೊಂಡಿತು. ನಮ್ಮಲ್ಲಿ ಅದೇ ಹೊತ್ತಿಗೆ ತೊಗರಿ ರಾಶಿ ನಡೆಯುತ್ತಿರುತ್ತದೆ, ಅದು ಮುಗಿಯುತ್ತಲೇ ಹೈದರಾಬಾದ್, ಪುಣೆ, ಮುಂಬೈ ಬಸ್ಸುಗಳು ತುಂಬುತ್ತವೆ. ಒಡಂಬಡಿಕೆಯ ಭಾನುವಾರ ಪಾಸ್ಟರರು ಯಾರು ಯಾರು ಗುಳೆ ಹೋಗುವವರು ಎಂದು ಹೆಸರು ಬರೆದುಕೊಳ್ಳಲಿ. ಊರಿನಲ್ಲಿ ಉಳಿಯುವವರು ಆ ಹೆಸರುಗಳನ್ನು ಹಂಚಿಕೊಳ್ಳಲಿ, ಒಬ್ಬೊಬ್ಬರಿಗೆ ಐದಾರಾದರೂ ಸರಿ. ಹಿರಿಯರು ಯುವಕರನ್ನು, ಅಕ್ಕಂದಿರು ಹೆಣ್ಣುಮಕ್ಕಳನ್ನು ವಹಿಸಿಕೊಳ್ಳಲಿ. ಕೂಲಿಯವರಿಗೆ ಭಾನುವಾರವೂ ರಜೆ ಸಿಗುವುದು ಕಷ್ಟ, ಆದ್ದರಿಂದ ಕರೆ ಮಾಡಬೇಕಾದದ್ದು ರಾತ್ರಿ ಊಟದ ಮೇಲೆ. ಊಟ ಆಯಿತೇ, ಮಿಸ್ತ್ರಿ ಕೂಲಿ ಕೊಟ್ಟನೇ, ಮಗುವಿನ ಜ್ವರ ಬಿಟ್ಟಿತೇ ಎಂದು ಮೊದಲು ಕೇಳಬೇಕು. ಆಮೇಲೆ ಕ್ಲಾಸ್ ಕೂಟದ ಆ ಹಳೆಯ ಪ್ರಶ್ನೆ. ಅತ್ತ ಕಡೆಯವರು ಸುಮ್ಮನಾದರೆ ಆತುರಪಟ್ಟು ವಾಕ್ಯ ಹೇಳಲು ಹೋಗಬಾರದು, ತುಸು ಕಾಯಬೇಕು. ಈ ವಾರ ಎತ್ತದಿದ್ದರೆ ಮುಂದಿನ ವಾರ ಮತ್ತೆ ಹಚ್ಚಬೇಕು, ಮೂರನೆಯ ವಾರವೂ ಎತ್ತದಿದ್ದರೆ ಅದೇ ಅಡ್ಡಾಕ್ಕೆ ಹೋಗುವ ಇನ್ನೊಬ್ಬರಿಗೆ ಹೇಳಿ ಕಳಿಸಬೇಕು.